ಮಲ್ಲಿಗಮ್ಮನ ರೇಡಿಯೋದ ಮೊಳೆ

ಮಳವಳ್ಳಿಯಲ್ಲಿ ಕೂತು ಹಳೇ ರೇಡಿಯೋಗಳನ್ನು ಉದ್ಧಾರ ಮಾಡುತ್ತಿರುವ ಶಶಿಧರನಿಗೆ, ಕೊಪ್ಪದಿಂದ ಮಾದಯ್ಯನ ನಮಸ್ಕಾರ.

ಈ ಕತೆಯನ್ನು ಮೊದಲು ಹೇಳಿದವಳು ನಿನ್ನ ಸೋದರತ್ತೆಯ ಸೊಸೆ ಇಂದ್ರಮ್ಮ. ಯುಗಾದಿಯ ಮಾರನೇ ಸಂಜೆ, ಡೇರಿಯ ಸಾಲಿನಲ್ಲಿ ಹಾಲಿನ ಕ್ಯಾನು ಕೆಳಗಿಟ್ಟು ಹೇಳಿದಳು.

ನಿನ್ನ ಅತ್ತೆ ಮಲ್ಲಿಗಮ್ಮನಿಗೆ ಕಣ್ಣು ಹೋದ ವರ್ಷ, ನಿನ್ನ ಮಾವ ಮರಿಸಿದ್ದಯ್ಯ ರೇಡಿಯೋ ಪೆಟ್ಟಿಗೆಗೆ ಒಂದು ಮೊಳೆ ಹೊಡೆದ. ಪಕ್ಕದಲ್ಲೇ ಇದ್ದ ಸ್ಟೇಷನ್ ತಿರುಗಿಸುವ ಗುಂಡಿಗೆ ಅರದಿಂದ ಒಂದು ಕಚ್ಚು ಹಾಕಿದ. ಗುಂಡಿಯನ್ನು ಎಡಕ್ಕೆ ಕೊನೆಮುಟ್ಟ ತಿರುಗಿಸಿ, ಹಿಂದಕ್ಕೆ ತರುವಾಗ ಕಚ್ಚು ಮೊಳೆಯ ನೇರಕ್ಕೆ ಬಂದರೆ ಬೆಂಗಳೂರು ಸ್ಟೇಷನ್. "ನಾನಿಲ್ದಿದ್ರೂವೆ ಇದು ನಿನ್ ಕೈಗೆ ಸಿಕ್ತದೆ ಕಣಮ್ಮಿ" ಅಂದಿದ್ದನಂತೆ. ಅವನು ಹೋದ ಮೇಲೂ ದಿನಾ ಸಿಗುತ್ತಿತ್ತು.

ರೇಡಿಯೋ ಮೂಕವಾದಾಗ ಅವಳು ನಿನಗೆ ಕೊಟ್ಟಳು. ಒಳಗಿನ ಕೆಲಸ ಸರಿಯಾಗಿಯೇ ಮಾಡಿದೆ. ಸುಟ್ಟ ವಾಲ್ವು ಬದಲಾಯಿಸಿದೆ, ದನಿ ತಿಳಿಯಾಗಿದೆ. ಆದರೆ ಆ ಮೊಳೆ ನಿನ್ನ ರಸಿಕತೆಗೆ ಚುಚ್ಚಿತು. ಕಿತ್ತೆ. ತೂತಿಗೆ ಪುಟ್ಟಿ ಮೆತ್ತಿದೆ. ಕಚ್ಚಿನ ಗುಂಡಿ ಬಿಸಾಕಿ ನುಣ್ಣನೆಯ ಹಿತ್ತಾಳೆಯದು ಹಾಕಿದೆ. ಪಾಲಿಶ್ ಹೊಡೆದ ಪೆಟ್ಟಿಗೆಯಲ್ಲಿ ಈಗ ನಿನ್ನ ಮುಖ ಕಾಣುತ್ತದೆ. ನಿನಗೆ ಬೇಕಿದ್ದದ್ದೂ ಅಷ್ಟೇ. ಮದ್ದೂರಿನ ಪ್ರದರ್ಶನದಲ್ಲಿಟ್ಟು, ಪಕ್ಕ ನಿಂತು ಫೋಟೋ ತೆಗೆಸಿಕೊಂಡು, ತಂದುಕೊಟ್ಟು ಹೇಳಿದೆ: "ಅತ್ತೆ, ಮುಟ್ಬ್ಯಾಡಿ, ಪಾಲಿಶ್ ಓಯ್ತದೆ. ಈಗ ಇದ್ಕೆ ಬೆಲೆ ಬಂದದೆ."

ಕಣ್ಣಿಲ್ಲದವಳು ಮುಟ್ಟದೆ, ನೋಡುತ್ತಾ ಕೂರಬೇಕಿತ್ತೇನೋ ಮಹಾನುಭಾವ?

"ನಾನ್ ಆಕ್ಕೊಡ್ತೀನಿ ಕಣತ್ತೆ" ಎಂದಳಂತೆ ಇಂದ್ರಮ್ಮ. "ಬುಡವ್ವ. ಅದು ಅವ್ರು ನನ್ ಕೈಗೆ ಅಂತ ಮಾಡಿದ್ದು" ಎಂದು ಮುದುಕಿ ರೇಡಿಯೋ ಮೇಲೆ ಟವೆಲ್ಲು ಹೊದಿಸಿಬಿಟ್ಟಳು.

ಸಾಲಿನಲ್ಲಿದ್ದ, ಎತ್ತಿಗೆ ಲಾಳ ಕಟ್ಟುವ ನಿಂಗಯ್ಯ, "ಮನೆಗೆ ಸುಣ್ಣ ಬಳೀಲಾ ಅಂದ್ರೆ ಬಾಗ್ಲಿಗೂ ಗೋಡೆ ಕಟ್ಬುಟ್ನಾ ನಿಮ್ಮೋನು?" ಅಂದ.

ಬೆಲೆ ಇಳಿಯಿತೆಂದು ನೊಂದುಕೊಳ್ಳಬೇಡ ಶಶಿಧರ. ಮರುದಿನ ಬೆಳಗ್ಗೆ ಹಾಲು ಹಾಕಿದವರೆಲ್ಲ ಖಾಲಿ ಕ್ಯಾನು ಹಿಡಿದು ಮಲ್ಲಿಗಮ್ಮನ ಮನೆಗೆ ಹೋದೆವು. ಇಂದ್ರಮ್ಮ ಸ್ಟೇಷನ್ ಹುಡುಕಿ ನಿಲ್ಲಿಸಿದಳು. ನಿಂಗಯ್ಯ ನಿನ್ನ ಹಿತ್ತಾಳೆಗೆ ಅರ ಹಾಕಿ ಕಚ್ಚು ಮಾಡಿ, ಅದರ ನೇರಕ್ಕೆ ಒಂದು ಲಾಳದ ಮೊಳೆ ಹೊಡೆದ. ನಿನ್ನ ಪಾಲಿಶ್ ಚಟ್ಟನೆ ಸೀಳಿತು. ಮಲ್ಲಿಗಮ್ಮ ಗುಂಡಿಯನ್ನು ಎಡಕ್ಕೆ ಕೊನೆಮುಟ್ಟ ತಿರುಗಿಸಿ, ನಿಧಾನವಾಗಿ ಹಿಂದಕ್ಕೆ ತಂದಳು. ಬೆರಳು ಮೊಳೆಯ ಮೇಲೆ ನಿಂತಿತು. ಬೆಂಗಳೂರು ಮಾತಾಡಿತು.

"ನಮ್ಮೋರ್ ಮೊಳೆಗಿಂತ ಒಸಿ ದಪ್ಪ ಆಯ್ತು ಕಣ್ಲಾ ನಿಂಗ" ಎಂದಳು, ಮತ್ತೆ ದನಿ ಜೋರು ಮಾಡಿದಳು.

ದೇವರು ನಿನ್ನ ಬೆರಳುಗಳಿಗಾದರೂ ಕಣ್ಣು ಕೊಡಲಿ ಎಂದು ಹರಸುವ,
ಮಾದಯ್ಯ