ಅರ್ಧ ಬಾವಿಯ ಮನೆ

೧೯೪೬ ನವೆಂಬರ್ ೪, ಬೆಳಗ್ಗೆ ಆರು

ಉಪ್ಪುನೀರು ಮುಕ್ಕಳಿಸಿದೆ. ಎದೆ ಉಬ್ಬಿಸಿ ಬಿಟ್ಟೆ — ‘ಎಲೈ ಅಧಮನೇ!’ ಎರಡೇ ಶಬ್ದ. ಮನೆ ಮಾಲೀಕ ಸೋಮಯ್ಯ ಕೊಟ್ಟಿಗೆಯಿಂದ ಓಡಿ ಬಂದ. ‘ದುರ್ಗಪ್ಪ ಮಾಸ್ತರ್ರೆ, ಎಮ್ಮೆ ಇವತ್ತೂ ಹಾಲು ಕೊಡ್ಲಿಲ್ಲ. ತಿಂಗಳ ಕೊನೆಗೆ ಮನೆ ಬಿಡಿ!’

ಇದು ಎಂಟನೆಯ ಬಾಡಿಗೆ ಮನೆ. ಎಂಟೂ ಈ ಗಂಟಲಿಗೇ ಬಲಿ. ಅಪ್ಪನ ನಾಟಕ ಕಂಪನಿಯಲ್ಲಿ ಬೆಳೆದವನಿಗೆ ಮೆಲ್ಲಗೆ ಮಾತಾಡಲು ಕಲಿಸಿದವರಾರು?

ಹೆಂಡತಿ ಮಂಗಲಾ ಖಂಡತುಂಡ — ‘ಒಂಬತ್ತನೆಯದೂ ಬಾಡಿಗೆ ಮನೆ ಆದ್ರೆ ನಾ ಬೆಳಕೆ ಊರಿಗೆ, ಅಪ್ಪನ ಮನೆಗೆ. ಯಾರೂ ಹೊರಗೆ ಹಾಕದ ಮನೆ ಬೇಕು.’

ನ. ೬

ಸಿಕ್ಕಿತು! ಭಟ್ಕಳದ ಹಳೇ ಕೇರಿ. ಕಲ್ಲಿನ ಮೆಟ್ಟಿಲು, ಆಳೆತ್ತರದ ಬಾಗಿಲು, ರಾಜ ಪ್ರವೇಶಕ್ಕೆಂದೇ ಕಡೆಸಿದಂತೆ. ಒಂದೇ ವಿಚಿತ್ರ — ಅಡ್ಡಗೋಡೆ ಬಾವಿಯ ನೆತ್ತಿಯ ಮೇಲೇ ಹಾದಿದೆ. ಅರ್ಧ ಬಾವಿ ಈ ಮನೆಗೆ, ಅರ್ಧ ಪಕ್ಕದ ಮನೆಯ ಹೊನ್ನಮ್ಮನಿಗೆ.

ಮಾರುವವ ರಮಾನಂದ. ಮುಂಬೈ ನೌಕರಿ, ಇಪ್ಪತ್ತಕ್ಕೆ ವಾಪಸ್. ‘ಬಾವಿ ಜಂಟಿ, ಮಾಸ್ತರ್ರೆ. ಹೊನ್ನಮ್ಮನ ಹೆಬ್ಬೆಟ್ಟು ಇಲ್ದೆ ಕಾಗದ ಆಗೂದಿಲ್ಲ. ಗಲಾಟೆ ಅಂದ್ರೆ ಅವಳಿಗಾಗ. ಎಂಟು ದಿನ ಇದ್ದು ನೋಡಿ... ಅವಳೂ ನಿಮ್ಮನ್ನ ನೋಡ್ಲಿ.’

ನ. ೯

ಹೊಸ ಮನೆಗೆ ಬಂದಿಳಿದೆವು. ಭೀಷಣ ಪ್ರತಿಜ್ಞೆ — ಪಿಸುಮಾತು ಮಾತ್ರ! ಶಾಲೆಯಲ್ಲಿ ಮಗ್ಗಿಯನ್ನೂ ಪಿಸುಗುಟ್ಟಿದೆ. ಹೆಡ್‌ಮಾಸ್ತರರು ಕ್ಷಯವೆಂದು ಬಗೆದು ಎರಡು ಬೆಂಚು ದೂರ ಕೂತರು.

ಮಂಗಲಾ — ‘ಲಗ್ನ ಆಗಿ ಹದಿನಾರು ವರ್ಷಕ್ಕೆ ನಿಮ್ಮ ಮಾತು ಇವತ್ತು ನನಗೊಬ್ಬಳಿಗೇ ಕೇಳ್ತು.’

ಹೊನ್ನಮ್ಮ ಹಲಸಿನ ಹಪ್ಪಳ ತಂದುಕೊಟ್ಟಳು. ‘ಎಂತಾ ಸಾಧು ಗಂಡನೇ ತಂಗಿ! ಇದ್ದದ್ದೇ ಗೊತ್ತಾಗೂದಿಲ್ಲ.’

ನ. ೧೩, ಸಂಜೆ

ಸರ್ವನಾಶ.

ಬಾವಿಕಟ್ಟೆ. ಮಂಗಲಾಳನ್ನು ನಗಿಸುವ ಹುಕಿ ಬಂತು. ಖಳನ ಸ್ವಗತ — ಬಾಯಿಗೆ ಅಂಗೈ ಅಡ್ಡ, ಪಿಸುದನಿ: ‘ಮುದುಕಿ ಹೆಬ್ಬೆಟ್ಟೊಂದು ಒತ್ತಲಿ... ಆಮೇಲೆ ಇದ್ದರೆಷ್ಟು, ಸತ್ತರೆಷ್ಟು! ಗೋಡೆ ಒಡೆವೆ! ಬಾವಿಯೆಲ್ಲ ನನ್ನದು!’

ಗೋಡೆಯಾಚೆಯ ಹೊನ್ನಮ್ಮನ ಉತ್ತರ ಬಾವಿಯೊಳಗಿಂದ ಎದ್ದು ಬಂತು. ‘ಸಾಯೂದು ಯಾವತ್ತು ಅಂತ ಅದನ್ನೂ ಹೇಳಿ, ಮಾಸ್ತರ್ರೆ. ನಾಳೆಗೆ ಅಕ್ಕಿ ನೆನೆಹಾಕೂದೋ ಬ್ಯಾಡವೋ ನೋಡ್ತೆ.’

ಸ್ವಗತವೆಂದರೆ ಎದುರಿಗೆ ನಿಂತ ಪಾತ್ರಕ್ಕೆ ಕೇಳದ್ದು. ನೆಲದ ಮೇಲೆ ಕೂತ ಕೊನೇ ಪ್ರೇಕ್ಷಕನಿಗೂ ಕೇಳುವಂಥದ್ದು. ಹಾಗೆಂದೇ ಕಲಿತದ್ದು. ಹಾಗೆಯೇ ಆಡಿದೆ. ಅಯ್ಯೋ!

ನ. ೧೪

ಹೊನ್ನಮ್ಮನ ಹೊಸ್ತಿಲಲ್ಲಿ ಮಂಡಿಯೂರಿದೆ. ‘ತಾಯೇ, ಅದು ಬರಿಯ ನಾಟಕ!’

‘ಈಗ ಆಡೂದು ನಾಟಕ ಅಲ್ಲ ಅಂತ ನಂಗೆ ಹ್ಯಾಂಗೆ ಗೊತ್ತಾಗ್ಬೇಕು?’

ಬಾಗಿಲು ಹಾಕಿದಳು.

ರಮಾನಂದನೂ ಮುಖ ತಿರುಗಿಸಿದ. ಹೊನ್ನಾವರದ ಕೊಬ್ಬರಿ ವ್ಯಾಪಾರಿಯೊಬ್ಬ ಮನೆ ಕೇಳಿದ್ದಾನಂತೆ. ನಾನು ಹೊನ್ನಮ್ಮನನ್ನು ಒಪ್ಪಿಸದಿದ್ದರೆ ಅವನಿಗೇ.

ಮಂಗಲಾ ಪೆಟ್ಟಿಗೆಗೆ ಸೀರೆ ತುಂಬುತ್ತಿದ್ದಾಳೆ.

ನ. ೧೮

ನಾಲ್ಕು ದಿನದಿಂದ ಮಂಗಲಾ ಬಾವಿಕಟ್ಟೆಯಲ್ಲೇ. ಸೇದಿದ್ದು ನಾಲ್ಕು ಕೊಡ. ಮಾತು ನಾಲ್ಕು ಹೊಳೆ. ನಾನು ಹೋದೊಡನೆ ಗೋಡೆಯ ಎರಡೂ ಕಡೆ ಮೌನ.

ಇವತ್ತು ಅಂದಳು — ‘ಹೆಬ್ಬೆಟ್ಟು ಒತ್ತುತ್ತಾರಂತೆ.’

ಹಾರಿದೆ.

‘ಕಾಗದ ನನ್ನ ಹೆಸರಿಗೆ ಆದ್ರೆ.’

ಇಳಿದೆ.

‘ಗಂಡ ಬೊಬ್ಬೆ ಹೊಡೆದ್ರೆ ಹೊರಗೆ ಹಾಕೂಕೆ ಯಾರಾದ್ರೂ ಬೇಕಲ್ಲ ತಂಗಿ, ಅಂದ್ರು.’

‘ನೀ ಎಂತ ಅಂದೆ?’

‘ಆತು ಅಂದೆ.’

ನ. ೧೯, ಹೊನ್ನಾವರ

ದೋಣಿಯಲ್ಲಿ ಹೊಳೆ ದಾಟಿ ನೋಂದಣಿ ಕಚೇರಿ. ಗುಮಾಸ್ತ ಓದಿದ — ಕೊಂಡವರು, ಮಂಗಲಾ. ನನಗೆ? ಸಾಕ್ಷಿಯ ಪಾರ್ಟು. ಮಾತಿಲ್ಲದ ಪಾತ್ರ, ಒಂದು ಸಹಿ! ಹೊನ್ನಮ್ಮ ಒತ್ತಿದಳು. ಮಸಿ ಬೆರಳನ್ನು ನನ್ನ ಶಲ್ಯಕ್ಕೇ ಒರೆಸಿದಳು.

ನ. ೨೧, ಬೆಳಗ್ಗೆ

ನಮ್ಮ ಮನೆ. ಅಂದರೆ, ಅವಳ ಮನೆ. ಜಂತೆ ನೋಡಿದೆ — ಎಂಥ ಎತ್ತರ! ಎಂಥ ಪ್ರತಿಧ್ವನಿ ಬಂದೀತು! ಎದೆ ತುಂಬ ಉಸಿರೆಳೆದೆ.

‘ಎಂತದು?’ ಒಳಗಿಂದ ಮಂಗಲಾ. ಎಂಟೂ ಮಾಲೀಕರು ಒಟ್ಟಿಗೆ ಕೇಳಿದಂತಿತ್ತು. ಉಸಿರು ಬಿಟ್ಟೆ.

‘ಎಂತದೂ ಇಲ್ಲ.’

ಬಾಗಿಲಿಗೆ ಬಂದು ನಿಂತಳು. ನಗು ತಡೆದಿದ್ದಳು. ‘ಹೊನ್ನಮ್ಮ ಆಚೆ ರುಬ್ಬೂಕೆ ಕೂತಿದ್ರು. ಹೊತ್ತು ಹೋಗೂದಿಲ್ಲ ಅಂದ್ರು. ರುಬ್ಬಿ ಮುಗಿಯೋ ತನಕ ಪಾರ್ಟು ಹೇಳೂಕೆ ಅಪ್ಪಣೆ. ಯಾರೂ ಸಾಯೂದು ಮಾತ್ರ ಬ್ಯಾಡಂತೆ.’

ಕೂತು ಹುಡುಕುತ್ತಿದ್ದೇನೆ. ಇಷ್ಟು ವರ್ಷದ ಪಾರ್ಟುಗಳು — ಎಲ್ಲದರಲ್ಲೂ ಯಾರಾದರೊಬ್ಬನನ್ನು ಕೊಂದಿದ್ದೇನೆ. ಕೊಲ್ಲದ ಒಂದು... ಒಂದಾದರೂ... ಇದೆ! ಪ್ರಣಯದ್ದು. ಕಂಪನಿಯಲ್ಲಿ ನನಗೆ ಒಮ್ಮೆಯೂ ಆಡಲು ಕೊಟ್ಟಿರಲಿಲ್ಲ. ಆದರೆ ಅದನ್ನು ಯಾರ ಮುಖ ನೋಡಿ —

‘ಮಾಸ್ತರ್ರೆ! ಹಿಟ್ಟು ನುಣ್ಣಗಾಗ್ತಾ ಬಂತು!’

ಬಂದೆ, ಹೊನ್ನಮ್ಮ! ಮಂಗಲಾ ಇನ್ನೂ ಬಾಗಿಲಲ್ಲೇ ನಿಂತಿದ್ದಾಳೆ.