ಇಬ್ಬರಿಗೂ ಆಗುವ ಜಾಕೆಟ್

ರೀ,

ನೀವು ತಂದ ಬೈಕ್ ಜಾಕೆಟ್ ಕುರ್ಚಿಯ ಮೇಲಿದೆ. ಒಂದು ಚೊಂಬು ನೀರು ಹೊಯ್ದು ನೋಡಿದೆ, ಹೊಲಿಗೆಯಿಂದ ಒಂದು ಹನಿಯೂ ಒಳಗೆ ಇಳಿಯಲಿಲ್ಲ. ಒರೆಸಿಟ್ಟಿದ್ದೇನೆ. ಬಟ್ಟೆಯ ಬಗ್ಗೆ ತಕರಾರಿಲ್ಲ.

ಆದರೆ ತೋಳು ನನ್ನ ಬೆರಳು ದಾಟಿ ಇಳಿಯುತ್ತದೆ. ಇದನ್ನು ಹಾಕಿಕೊಂಡು ಕ್ಲಚ್ ಹಿಡಿದರೆ ಮೊದಲ ತಿರುವಿನಲ್ಲೇ ಮೋರಿ ಸೇರುತ್ತೇನೆ. ‘ಇಬ್ಬರಿಗೂ ಆಗುತ್ತೆ ಬಿಡು’ ಅಂದಿರಿ. ಇಬ್ಬರಿಗೆ ಯಾಕೆ? ಮಳೆಯಲ್ಲಿ ಮನೆಮನೆ ಸುತ್ತಿ ಕರೆಂಟ್ ಮೀಟರ್ ಓದುವವಳು ನಾನು. ನೀವು ಬಾಲ್ಕನಿಯ ಬಟ್ಟೆ ತೆಗೆಯುವುದಕ್ಕೂ ಮಳೆ ನಿಲ್ಲಲಿ ಅನ್ನುವವರು.

ಅಂಗಡಿಗೆ ಫೋನ್ ಮಾಡಿದ್ದೆ. ‘ಮೇಡಂ, ನಿಮ್ಮ ಅಳತೆ ಎಷ್ಟು ಅಂತ ಕೇಳಿದೆ, ಸಾರ್ ತಾವೇ ಹಾಕ್ಕೊಂಡು ನೋಡಿದ್ರು’ ಅಂತ ಅಂಗಡಿಯವನು ನಕ್ಕ. ಸಂಜೆಯೊಳಗೆ ಒಯ್ದರೆ ಬದಲಾಯಿಸಿ ಕೊಡುತ್ತಾನಂತೆ. ಬಿಲ್ ಒಳಜೇಬಿನಲ್ಲಿದೆ.

ಹಾಲು ಕಾಯಿಸಿಲ್ಲ. ಉಕ್ಕಿಸಬೇಡಿ. ಹಳೇ ಹರಕು ರೇನ್‌ಕೋಟಿನಲ್ಲೇ ಹೊರಟಿದ್ದೇನೆ.

ಹನ್ನೊಂದು ವರ್ಷದಿಂದ ನಿಮ್ಮ ಅಳತೆ ನನಗೆ ಬಾಯಿಪಾಠ: ಎದೆ ನಲವತ್ತೆರಡು, ತೋಳು ಇಪ್ಪತ್ತೈದು, ಎಡಭುಜ ಸ್ವಲ್ಪ ಇಳಿಜಾರು. ನನ್ನದನ್ನು ಈ ಚೀಟಿಯ ಹಿಂದೆ ಬರೆದಿದ್ದೇನೆ. ನೆನಪಿಟ್ಟುಕೊಳ್ಳುವ ಕಷ್ಟ ಬೇಡ, ಅಂಗಡಿಯವನಿಗೆ ಓದಿ ಹೇಳಿದರೆ ಸಾಕು.