ನಿಮ್ಮ ನೆರಳಿನ ಸೋದರಮಾವನನ್ನು ಕಳಿಸಿ

ಆಕಾಶದ ಕನ್ನಡಿಯ ಉಸ್ತುವಾರಿ ಹೊತ್ತ ಮಾನ್ಯ ಅಧಿಕಾರಿಗಳೇ,

ನಿಮ್ಮ ಕಚೇರಿಯ ದಾಖಲೆಯಲ್ಲಿ ನನ್ನ ಅಕ್ಕ ಎರ್ಮೆಲಿಂದಾ ಸತ್ತಿದ್ದಾಳೆ. ಇದನ್ನು ಬರೆಯುವಾಗ ಅವಳು ನನ್ನ ಎದುರಿಗೇ ಕೂತು ಮೀನು ಹಸನು ಮಾಡುತ್ತಿದ್ದಾಳೆ. ಸತ್ತದ್ದು ಅವಳಲ್ಲ, ಅವಳ ನಾಲ್ಕು ವರ್ಷದ ಮಗಳು. ಆದರೆ ಸತ್ತವರಿಗೆ ಪಾಲಿಲ್ಲವೆಂದು, ನೀವು ಈಗ ಕಳಿಸತೊಡಗಿರುವ ಪರಿಹಾರದ ನೀರಿನ ಲಾರಿ ಅಕ್ಕನ ಕೊಡದ ಮುಂದೆ ನಿಲ್ಲದೆ ಹೋಗುತ್ತಿದೆ.

ಆಕಾಶದಲ್ಲಿ ಕನ್ನಡಿ ನಿಲ್ಲಿಸಿ, ಬಿಸಿಲನ್ನು ಹಿಂದಕ್ಕೆ ತಿರುಗಿಸಿ, ಕಾದ ಭೂಮಿಗೆ ಕೊಡೆ ಹಿಡಿಯುವ ನಿಮ್ಮ ಘನ ಉದ್ದೇಶವನ್ನು ನಾನು ಪ್ರಶ್ನಿಸುತ್ತಿಲ್ಲ. ಆ ಕೊಡೆಯ ಮೊದಲ ಪ್ರಯೋಗಕ್ಕೆ ನಮ್ಮ ಗುವಾಹಿರಾ ಕರಾವಳಿಯೇ ಏಕೆ ಬೇಕಾಯಿತು? 'ಅಲ್ಲಿ ಬಿಸಿಲು ಬಿಟ್ಟರೆ ಏನೂ ಇಲ್ಲ' ಎಂದಿರಂತೆ. ನಿಜ, ಇದ್ದದ್ದು ಅದೊಂದೇ. ಅದನ್ನೇ ತೆಗೆದಿರಿ. ಅಕ್ಕನ ಉಪ್ಪಿನ ಗದ್ದೆ ಅಮ್ಮನಿಂದ ಬಂದದ್ದು. ಈ ಸಲ ಮಂಕು ಬಿಸಿಲಿಗೆ ನೀರು ನೀರಾಗಿಯೇ ನಿಂತಿತು, ಉಪ್ಪು ಕಟ್ಟಲಿಲ್ಲ. ಉಪ್ಪಿಗೆ ಬದಲಾಗಿ ಕುಡಿಯುವ ನೀರು ಕೊಡುತ್ತಿದ್ದವನು ಬರುವುದು ಬಿಟ್ಟ. ಮೇಕೆಗಳ ಹೊಂಡದ ನೀರು ಕುಡಿದೆವು. ಮಗುವಿಗೆ ವಾಂತಿಭೇದಿ ಹಿಡಿಯಿತು. ಹೋಯಿತು. ನೆಂಟರೆಲ್ಲ ಬಂದು ಪದ್ಧತಿಯಂತೆ ಮುಖ ಮುಚ್ಚಿಕೊಂಡು ಅತ್ತರು. ನನಗೆ ಅಳು ಬರಲಿಲ್ಲ, ಇವತ್ತಿಗೂ ಬಂದಿಲ್ಲ.

ನಮ್ಮಲ್ಲಿ ಸಾವಿಗೆ ಕಾರಣರಾದವರ ಮನೆಗೆ ಹಿರಿಯರೊಬ್ಬರು ಮಾತು ಒಯ್ಯುತ್ತಾರೆ. ಆ ಮನೆಯ ಸೋದರಮಾವ ಚಪ್ಪರದಡಿ ಕೂತು ಕೇಳಿಸಿಕೊಂಡು ತಪ್ಪು ಒಪ್ಪಿಕೊಳ್ಳಬೇಕು. ಹಾಗೆಂದೇ ನಮ್ಮ ತೋರಿಬಿಯೊ ಮಾವ ಕೋಲು ಹಿಡಿದು ಅಕ್ಕನನ್ನೂ ನನ್ನನ್ನೂ ಕರೆದುಕೊಂಡು ನಿಮ್ಮ ಕಚೇರಿಗೆ ಬಂದರು.

"ಈ ಕನ್ನಡಿ ಸೋದರಮಾವ ಯಾರಪ್ಪ? ಹೊರಗೆ ಕರಿ, ಮಾತಿದೆ" ಎಂದರು ಮಾವ.

ಮೇಜಿನ ಹಿಂದಿದ್ದ ಗುಮಾಸ್ತ ನಕ್ಕ. "ಕನ್ನಡಿಗೆ ಎಲ್ಲಿಯ ಮಾವ ತಾತಾ! ಸತ್ತೋರ ಹೆಸರು ಹೇಳು, ಬರ್ಕೋತೀನಿ."

"ಅದನ್ನ ಹೇಳೋ ಹಾಗಿಲ್ಲ."

"ಹೆಸರಿಲ್ದೆ ಸಾಯೋರು ಯಾರಿದಾರೆ? ನೀನಾದ್ರೂ ಹೇಳಮ್ಮ, ಹಿಂದೆ ಜನ ನಿಂತಿದಾರೆ."

ಸತ್ತವರ ಹೆಸರನ್ನು ನಾವು ಬಾಯಿಬಿಟ್ಟು ಹೇಳುವುದಿಲ್ಲ. ಹೆತ್ತವಳ ಕಿವಿಗಂತೂ ಅದು ಬೀಳಕೂಡದು. ಇಷ್ಟು ದಿನ ನಮ್ಮೂರಲ್ಲಿ ಕುರ್ಚಿ ಹಾಕಿ ಕೂತವರಿಗೆ ಇಷ್ಟೂ ತಿಳಿಯದೆ? ಅಕ್ಕ ಗೋಡೆ ನೋಡುತ್ತಾ ತನ್ನ ಹೆಸರನ್ನೇ ಹೇಳಿಬಿಟ್ಟಳು. ಅವನು ಬರೆದುಕೊಂಡು ಮುದ್ರೆ ಒತ್ತಿದ. ತಿದ್ದಿಸಲು ಎರಡನೇ ಸಲ ಹೋದರೆ ಮತ್ತದೇ ಪ್ರಶ್ನೆ: "ಹಾಗಾದ್ರೆ ನಿಜವಾಗಿ ಸತ್ತೋರ ಹೆಸರೇನು?" ನಾವು ಎದ್ದು ಬಂದೆವು.

ಸ್ವಾಮಿ, ಸೂರ್ಯನಿಗೇ ಅಡ್ಡ ನಿಲ್ಲುವಷ್ಟು ದೊಡ್ಡವರು ನೀವು. ಒಬ್ಬ ತಾಯಿಯ ಎದುರು ಕೂರಲು ನಿಮ್ಮಲ್ಲಿ ಯಾರೂ ಇಲ್ಲವೇ? ನಿಮ್ಮ ತಾಯಿಯ ಅಣ್ಣನನ್ನೋ ತಮ್ಮನನ್ನೋ ಕಳಿಸಿ. ಅವರು ಬಂದು, ಹೆಸರು ಕೇಳದೆ, ತಪ್ಪಾಯಿತು ಎನ್ನಲಿ. ಅಕ್ಕನ ಕೊಡಕ್ಕೆ ನೀರು ಬೀಳಲಿ. ಅವಳು ಬದುಕಿದ್ದಾಳೆಂದು ಬರೆದುಕೊಳ್ಳಿ. ಬೇಗ ಬರೆದುಕೊಳ್ಳಿ. ಏಕೆಂದರೆ ಈ ಪತ್ರವನ್ನು ಇಲ್ಲಿಯವರೆಗೆ ಓದಿ ಹೇಳಿದಾಗ ಅಕ್ಕ ತಲೆ ಎತ್ತಲೂ ಇಲ್ಲ.

"ತಿದ್ದಿಸೋದು ಯಾಕೆ, ಬಿಡೇ" ಎಂದಳು. "ಅವರೇನು ಸುಳ್ಳು ಬರ್ದಿದಾರಾ?"

ಇಂತಿ,
ನಿಮ್ಮ ದಾಖಲೆಯಲ್ಲಿ ಸದ್ಯಕ್ಕೆ ಬದುಕಿರುವ
ನೊಹೆಮಿ ಇಪುವಾನಾ